ಗೋಡೆಯ ಈಚೆ ಕೂತವಳು

ಪ್ರಯೋಗಾಲಯದಲ್ಲಿ ಅವಳು ಎಲ್ಲರಿಗೂ ಇಲಿಯಮ್ಮ. ಹತ್ತೊಂಬತ್ತು ವರ್ಷದಿಂದ ಬಿಳಿ ಇಲಿಗಳ ಪಂಜರ ತೊಳೆದು, ನೀರಿಟ್ಟು, ಬಾಣಂತಿ ಇಲಿಯ ಹತ್ತಿರ ಹೋಗುವಾಗ ಉಸಿರು ಬಿಗಿಹಿಡಿದವಳು. "ನನ್ನನ್ನ ಸಾಕೋವಾಗ ಇಷ್ಟು ನಾಜೂಕಿರ್ಲಿಲ್ಲ" ಎಂದು ಮಗಳು ಛೇಡಿಸಿದರೆ, "ನೀನು ಇವಕ್ಕಿಂತ ಜಾಸ್ತಿ ಕಚ್ತಿದ್ದೆ" ಎನ್ನುತ್ತಿದ್ದಳು.

ಅಲ್ಲಿಯ ಕೆಲಸ ಇಷ್ಟು: ಒಂದು ಗುಂಪಿನ ಇಲಿಗಳಿಗೆ ಯಂತ್ರದ ಕೋಣೆಯಲ್ಲಿ ವಿಕಿರಣ ಕೊಡುವುದು, ಕೆಲವು ದಿನ ಬಿಟ್ಟು ತೊಡೆಮೂಳೆಯ ಮಜ್ಜೆ ತೆಗೆದು, ರಕ್ತ ಹುಟ್ಟಿಸುವ ಜೀವಕಣಗಳು ಎಷ್ಟು ಉಳಿದಿವೆ ಎಂದು ಎಣಿಸುವುದು. ಹೋಲಿಸಿ ನೋಡಲು ವಿಕಿರಣ ಕೊಡದ ಇನ್ನೊಂದು ಗುಂಪು, ಕಂಟ್ರೋಲ್ ಇಲಿಗಳು. ಆದರೆ ತಳ್ಳುಗಾಡಿಯ ಕುಲುಕಾಟ, ಹೊಸ ಜಾಗದ ಗಾಬರಿ ಎರಡು ಗುಂಪಿಗೂ ಒಂದೇ ಸಮ ಇರಬೇಕಲ್ಲ? ಅದಕ್ಕೇ ಅವನ್ನೂ ಅಲ್ಲಿಯವರೆಗೆ ತಂದು, ಯಂತ್ರ ಓಡುವಷ್ಟು ಹೊತ್ತೂ ಗೋಡೆಯ ಈಚೆ ಇಡುತ್ತಿದ್ದರು. ಪಕ್ಕದಲ್ಲಿ ಕಾವಲಿಗೆ ಇಲಿಯಮ್ಮ.

ಈ ವರ್ಷ ಕಂಟ್ರೋಲ್ ಇಲಿಗಳ ಮಜ್ಜೆಯೂ ಸೊರಗಿತ್ತು. ದೊಡ್ಡ ವಿಜ್ಞಾನಿಗಳು ತನಿಖೆ ಗಿನಿಖೆ ಮಾಡಲಿಲ್ಲ. "ನೀನು ಕೈ ತೊಳ್ದಿಲ್ಲ, ಸೋಂಕು ತಗುಲಿದೆ. ಸೋಮವಾರದಿಂದ ಬರಬೇಡ" ಎಂದರು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಸಾಬೂನಿಗೆ ಬಿರಿದ ಅವಳ ಬೆರಳುಗಳನ್ನು ಕಂಡವರು ಈ ಮಾತಾಡುತ್ತಿರಲಿಲ್ಲ. ಆದರೆ ಕಂಡವರಾದರೂ ಯಾರು?

ನೆಟ್ಟಗೆ ವಿಕಿರಣ ಸುರಕ್ಷತೆಯ ಇಂಜಿನಿಯರ್ ಹತ್ತಿರ ಹೋದಳು. "ವರ್ಷದ ಶುರುವಲ್ಲಿ ಎಸಿ ಪೈಪಿಗೆ ಅಂತ ಯಂತ್ರದ ಕೋಣೆ ಗೋಡೆ ಕೊರೆದ್ರಲ್ಲ ಸರ್? ಇಲಿ ಇಡೋದು ಆ ತೂತಿನ ಎದುರಿಗೇ. ನಿಮ್ಮ ಮೀಟರ್ ತಗೊಂಡು ಬನ್ನಿ."

ಯಂತ್ರ ಓಡಿಸಿ, ತೂತಿಗೆ ಮೀಟರ್ ಹಿಡಿದರು. ಅದು ಕಿರುಚಿಕೊಂಡಿತು. ಇಂಜಿನಿಯರ್ ಓಡಿಹೋಗಿ ಯಂತ್ರ ನಿಲ್ಲಿಸಿದರು.

ಬರಬೇಡ ಎಂದಿದ್ದ ಬಾಯಿ ಈಗ "ಬನ್ನಿ, ಕೂತ್ಕೊಳ್ಳಿ" ಎಂದಿತು. "ತೂತು ಇವತ್ತೇ ಮುಚ್ಚಿಸ್ತೀವಿ. ಆ ಇಲಿಗಳನ್ನ ವರದಿಯಿಂದ ತೆಗೀತೀವಿ. ನಿಮ್ಮ ಕೆಲಸಕ್ಕೇನೂ ತೊಂದ್ರೆ ಇಲ್ಲ."

ಅವಳು ಕೂರಲಿಲ್ಲ. "ಒಂದೊಂದು ಇಲಿ ಅಲ್ಲಿ ಇದ್ದಿದ್ದು ಒಂದೇ ಸಲ ಸರ್. ಪ್ರತಿ ಸಲಾನೂ ಕೂತಿದ್ದು ನಾನು. ನಿಮ್ಮೆಲ್ಲರ ಎದೆ ಮೇಲೆ ವಿಕಿರಣ ಅಳೆಯೋ ಬಿಲ್ಲೆ ಇದೆ. ನನಗೆ ಅದನ್ನೂ ಕೊಡ್ಲಿಲ್ಲ."

ಅಂಗಿಯ ತೋಳು ಮೇಲಕ್ಕೆ ಮಡಚಿ, ಕೈಯನ್ನು ಮೇಜಿನ ಮೇಲೆ ಚಾಚಿದಳು. "ರಕ್ತ ತೆಗೆದು ನಂದೂ ಎಣಿಸಿ."

ಇಲಿಗಳ ಮಜ್ಜೆ ತೆಗೆಯಲು ಬೇಕಾದ ಅನುಮತಿ ಪತ್ರಗಳು ಅವರ ಕಪಾಟಿನ ತುಂಬ ಇದ್ದವು. ಅವಳ ಮಾತಿಗೆ ಮಾತ್ರ, "ಅದಕ್ಕೆ ನಿಯಮ ಏನಿದೆ ಅಂತ ನೋಡ್ಬೇಕು" ಎಂದರು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.