ಒಡೆಯದ ಲಕೋಟೆ

ಕಟ್ಟಡಗಳ ನಕ್ಷೆ ಮಾಡುವುದು ನನ್ನ ಕೆಲಸ. ನಮ್ಮ ಕಚೇರಿ ಜೋರಾಪುರ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿದೆ. ಬಬಲೇಶ್ವರದ ಕಡೆಯ ಒಂದು ಸಮಿತಿ ಹೆಣ್ಣುಮಕ್ಕಳ ಶಾಲೆ ಕಟ್ಟಲು ವಿನ್ಯಾಸಕಾರರನ್ನು ಹುಡುಕುತ್ತಿತ್ತು. ಬೇಸಿಗೆಯಲ್ಲಿ ಜಾಗ ನೋಡಲು ಹೋದೆ. ಕಪ್ಪು ಎರೆ ನೆಲ. ಬಿರುಕಿನೊಳಗೆ ನನ್ನ ಅಂಗೈ ನಿಲುವಾಗಿ ಇಳಿಯಿತು.

ಪಕ್ಕದ ಹೊಲದಾಕೆ ನಕ್ಕಳು. "ಏನ ಕಳಕೊಂಡೀಯವಾ ಅದರಾಗ?"

"ಇಲ್ಲಿ ಸಾಲಿ ಕಟ್ಟತಾರಂತ್ರಿ."

"ಇಲ್ಲೇನು? ನಮ್ಮ ದನದ ಕೊಟ್ಟಿಗಿ ಗ್ವಾಡಿನ ನಿಂದ್ರವಲ್ತು. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ."

ಗುಂಡಿ ತೋಡಿಸಿ ಮಣ್ಣನ್ನು ಪರೀಕ್ಷೆಗೆ ಕೊಟ್ಟೆ. ಇಂಥ ನೆಲದಲ್ಲಿ ಅಡಿಪಾಯ ಹೇಗಿರಬೇಕು, ನಾವು ಹಿಂದೆ ಮಾಡಿದ ಕಟ್ಟಡಗಳು ಹೇಗೆ ನಿಂತಿವೆ ಎಂದೆಲ್ಲ ಬರೆದು ಒಂದು ಲಕೋಟೆಯಲ್ಲಿ ಹಾಕಿದೆ. ನಮ್ಮ ಶುಲ್ಕ ಇನ್ನೊಂದರಲ್ಲಿ. ನಿಯಮ ಅವರದೇ: ಮೊದಲ ಲಕೋಟೆ ಓದಿ ಯೋಗ್ಯರನ್ನು ಆರಿಸಬೇಕು, ಶುಲ್ಕದ ಮಾತು ಆಮೇಲೆ.

ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಎಲ್ಲರ ಶುಲ್ಕದ ಲಕೋಟೆಗಳನ್ನಷ್ಟೇ ಎಳೆದುಕೊಂಡರು.

"ಮೊದಲನೇದು ಒಡೀಲಿಲ್ರಿ," ಎಂದೆ.

"ಅದನ್ನ ಓದಕೋತ ಕುಂತ್ರ ಸಂಜಿ ಆಗತೈತಿ, ತಂಗಿ. ನಕ್ಷಾ ಅಂದ್ರ ಹಾಳಿ ಮ್ಯಾಲ ನಾಕ ಗೀಟು. ಯಾರ ಎಳದ್ರೇನು?"

ಕೊನೆಯ ಲಕೋಟೆ ಒಡೆದಾಗ ಸದಸ್ಯರೊಬ್ಬರು ತೊಡೆ ತಟ್ಟಿದರು. "ಚಾದ ರೊಕ್ಕದಾಗ ನಕ್ಷಾ ಬಂತಲೇ!" ಎಲ್ಲರೂ ನಕ್ಕರು. ಎತ್ತು ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡುವ, ನಾಲ್ಕು ಹೆಜ್ಜೆ ನಡೆಸಿ ನೋಡುವ ಜನ ಇವರು. ತಮ್ಮ ಮಕ್ಕಳ ತಲೆಯ ಮೇಲಿನ ಸೂರಿಗೆ ಅಷ್ಟೂ ನೋಡಲಿಲ್ಲ.

ಗೆದ್ದವರು ಜಾಗಕ್ಕೆ ಬರಲೇ ಇಲ್ಲ. ತಿಕೋಟಾದ ಆಚೆ, ಕಲ್ಲು ನೆಲಕ್ಕೆಂದು ಮಾಡಿದ್ದ ಹಳೆಯ ನಕ್ಷೆಯಲ್ಲಿ ಊರ ಹೆಸರು ಬದಲಿಸಿ ಕೊಟ್ಟರು.

ಶಾಲೆ ಎರಡು ಮಳೆಗಾಲ ಕಂಡಿತು. ಆಮೇಲೆ ಅಧ್ಯಕ್ಷರೇ ನನಗೆ ಫೋನ್ ಮಾಡಿದರು. ಹೋದೆ. ಐದನೇ ತರಗತಿಯ ಗೋಡೆ ಮೂಲೆಯಿಂದ ಮೂಲೆಗೆ ಸೀಳಿತ್ತು. ಹುಡುಗಿಯರು ಗೋಡೆಯಿಂದ ದೂರವಾಗಿ, ಕೋಣೆಯ ನಡುವೆ ಒತ್ತಿಕೊಂಡು ಕುಳಿತು ಮಗ್ಗಿ ಹೇಳುತ್ತಿದ್ದರು.

"ಇವರನ್ನ ಈಗಿಂದೀಗ ಹೊರಗ ಕಳಸ್ರಿ," ಎಂದೆ.

ಹುಡುಗಿಯರು ಬೇವಿನ ಮರದ ಕೆಳಗೆ ಹೋಗಿ ಕುಳಿತ ಮೇಲೆ ಅಧ್ಯಕ್ಷರು ದನಿ ತಗ್ಗಿಸಿದರು. "ರಿಪೇರಿಗಿ ಮೂರ್ನಾಕ ಮಂದೀನ ಕೇಳಾಕತ್ತೇವಿ. ನೀವೂ ಒಂದ ರೇಟ ಕೊಡ್ರಿ. ಯಾರದ ಕಮ್ಮಿ ಬರತೈತಿ ನೋಡೂಣು."

ನಾನು ದನಿ ಏರಿಸುವವಳಲ್ಲ. ಮೆಲ್ಲಗೇ ಕೇಳಿದೆ.

"ನನ್ನ ಹಳೇ ಲಕೋಟಿ ಎಲ್ಲೈತ್ರಿ?"

ಶಾಲೆಯ ಕಚೇರಿಯ ಕಪಾಟಿನಲ್ಲಿತ್ತು. ಅಂಟು ಹಾಗೇ ಇತ್ತು. ನಾನೇ ಹರಿದು ಅವರ ಮುಂದಿಟ್ಟೆ.

"ಇದನ್ನ ಗಟ್ಟಿಯಾಗಿ ಓದ್ರಿ. ರೇಟು ಆಮ್ಯಾಲ."

ಕನ್ನಡಕ ಹಾಕಿಕೊಂಡು ಶುರು ಮಾಡಿದರು. ಎರಡನೇ ಹಾಳೆಯಲ್ಲಿ ನಾನು ಆ ಹೊಲದಾಕೆಯ ಮಾತನ್ನು ಬರೆದಿದ್ದೆ: ಈ ನೆಲದಲ್ಲಿ ದನದ ಕೊಟ್ಟಿಗೆಯ ಗೋಡೆಯೂ ನಿಲ್ಲುವುದಿಲ್ಲ ಎಂದು. ಅಲ್ಲಿಗೆ ಬಂದು ಅವರ ದನಿ ನಿಂತಿತು. ಹೊರಗೆ ಮಗ್ಗಿ ಮತ್ತೆ ಶುರುವಾಗಿತ್ತು.

"ಮುಂದ ಓದ್ರಿ," ಎಂದೆ.