ಬಸ್ಸು ನಿಂತಿರುವುದಿಲ್ಲ

ಮೊನ್ನೆ ಹಬ್ಬಕ್ಕೆ ಬಂದವರು ಬಸ್ಸಿಳಿಯುತ್ತಲೇ ನಮ್ಮೂರ ಗೇಟಿನಲ್ಲಿ ಕಟ್ಟಿದ್ದ ಬ್ಯಾನರನ್ನು ನೀವಿಬ್ಬರೂ ಜೋರಾಗಿ ಓದಿದಿರಿ. ಕೈಮುಗಿದು ನಿಂತ ನಮ್ಮ ಹಳೆಯ ಶಾಸಕರ ಚಿತ್ರ, ಕೊರಳಲ್ಲಿ ಹಾರ, ಕೆಳಗೆ 'ಹಳ್ಳಿಹಳ್ಳಿಗೂ ಬಸ್ಸು ನಿಲ್ಲಿಸಿದ ನಾಯಕರಿಗೆ ಸ್ವಾಗತ' ಎಂಬ ಬರಹ. ಚಿಕ್ಕವಳು ಕೇಳಿದಳು: "ಅಜ್ಜಿ, ಬಸ್ಸು ನಿಲ್ಲಿಸಿಬಿಟ್ಟವರಿಗೆ ಯಾಕೆ ಹಾರ ಹಾಕಿದಾರೆ?"

ಅಲ್ಲಿದ್ದವರೆಲ್ಲ ನಕ್ಕರು. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕೆ. ಅಷ್ಟು ಜನರ ಮುಂದೆ ಉತ್ತರ ಹೇಳಲು ನನಗೆ ಆಗಲಿಲ್ಲ. ಈಗಲೂ ನಾಲ್ಕು ಜನ ನೋಡುತ್ತಿದ್ದರೆ ನನ್ನ ನಾಲಿಗೆ ಒಣಗುತ್ತದೆ. ಆದರೆ ಆ ಬ್ಯಾನರಿನಲ್ಲಿ ಬರೆದದ್ದು ಅರ್ಧ ಮಾತ್ರ ನಿಜ. ಉಳಿದರ್ಧ ನಿಮ್ಮ ಮುತ್ತಜ್ಜಿಯದು, ನಿಮ್ಮ ಅಮ್ಮನದು, ಸ್ವಲ್ಪ ನನ್ನದು. ಅದನ್ನು ಯಾರೂ ಬ್ಯಾನರ್ ಮಾಡಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಣಕಟ್ಟೆ ಕಡೆಯ ಹಳ್ಳಿಯವಳು. ಊರ ಶಾಲೆಯಲ್ಲಿ ಎಷ್ಟು ತರಗತಿ ಇದ್ದವೋ ಅಷ್ಟು ಓದಿದೆ, ಆಮೇಲೆ ಮದುವೆಯಾಗಿ ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ರಸ್ತೆಯ ಈ ಊರಿಗೆ ಬಂದೆ. ನಿಮ್ಮ ತಾತ ಹೋದಾಗ ನಿಮ್ಮ ಅಮ್ಮ ಇನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಆಮೇಲೆ ಮನೆಯಲ್ಲಿ ಉಳಿದವರು ನಾನು, ನಿಮ್ಮ ಮುತ್ತಜ್ಜಿಯಾದ ನನ್ನ ಅತ್ತೆ, ನಿಮ್ಮ ಅಮ್ಮ, ಮತ್ತು ಯಜಮಾನಿಕೆ ಮಾಡಲು ನನ್ನ ಭಾವ, ಅಂದರೆ ನಿಮ್ಮ ತಾತನ ಅಣ್ಣ. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವಂತಿಲ್ಲ. ಅವರು ಜಗಲಿಯಲ್ಲಿದ್ದರೆ ನಾನು ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೆ. ಅವರಿಗೆ ನನಗೇನಾದರೂ ಹೇಳಬೇಕಿದ್ದರೆ ಅತ್ತೆಗೆ ಹೇಳುತ್ತಿದ್ದರು, ನನಗೆ ಕೇಳುವಷ್ಟು ಗಟ್ಟಿಯಾಗಿ. ನನ್ನ ಉತ್ತರವೂ ಅತ್ತೆಯ ಬಾಯಿಂದಲೇ ಹೋಗುತ್ತಿತ್ತು. ಅತ್ತೆಯ ಬಾಯಲ್ಲಿ ಅದು ದುಪ್ಪಟ್ಟು ಖಾರವಾಗುತ್ತಿತ್ತು, ಅದು ಬೇರೆ ಮಾತು.

ನಮ್ಮೂರ ಗೇಟು ಎಂದರೆ ಬಾಗಿಲಿರುವ ಗೇಟಲ್ಲ. ಟಾರು ರಸ್ತೆಯಿಂದ ಊರಿನ ಮಣ್ಣು ದಾರಿ ಒಡೆಯುವ ಜಾಗಕ್ಕೆ ಎಲ್ಲರೂ ಹಾಗನ್ನುತ್ತಾರೆ. ನಿಮ್ಮ ಅಮ್ಮ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಅರಸೀಕೆರೆಯಲ್ಲಿ ಕಾಲೇಜಿಗೆ ಸೇರಿದಾಗ ಬೆಳಿಗ್ಗೆ ಹಾಲು ಹಾಕಿ ಬರುವ ಹೊತ್ತಿಗೆ ಒಂದು ಬಸ್ಸು ಗೇಟಿನಲ್ಲಿ ನಿಲ್ಲುತ್ತಿತ್ತು. ಇದ್ದಕ್ಕಿದ್ದಂತೆ ಒಂದು ದಿನ ಅದೇ ಬಸ್ಸಿಗೆ ಎಕ್ಸ್‌ಪ್ರೆಸ್ ಎಂದು ಬೋರ್ಡು ಹಾಕಿದರು. ಅದೇ ಬಸ್ಸು, ಅದೇ ಡ್ರೈವರು, ಅದೇ ಕಿತ್ತುಹೋದ ಸೀಟು. ಆದರೆ ಅದು ಗೇಟಿನಲ್ಲಿ ನಿಲ್ಲುವುದನ್ನು ಬಿಟ್ಟಿತು. ಕೈ ಅಡ್ಡ ಹಿಡಿದರೆ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅದರ ನಂತರದ ಬಸ್ಸಿಗೆ ಹೋದರೆ ಕಾಲೇಜಿನಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದರು. ಟೆಂಪೊ, ಲಾರಿ ಹತ್ತಿಸಿ ಕಳಿಸಲು ನನಗೆ ಧೈರ್ಯವಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಹಾಗೇ ವಾಪಸು ಬಂದಾಗ ಭಾವ ಜಗಲಿಯಲ್ಲಿ ಕೂತು ಅತ್ತೆಗೆ ಹೇಳಿದರು: "ನೋಡವ್ವ, ಹುಡುಗಿ ದಿನಾ ಗೇಟಲ್ಲಿ ನಿಂತ್ಕೊಂಡು ವಾಪಸ್ ಬತ್ತಾವ್ಳೆ. ಊರೋರು ನೋಡ್ತಾವ್ರೆ. ಗಂಡಸಿ ಊರ ಕಡೆಯೋರು ಹೆಣ್ಣು ಕೇಳ್ತಾವ್ರೆ, ಒಳ್ಳೆ ತೋಟ ಐತೆ. ಉಗಾದಿ ಕಳೀಲಿ, ಬಂದು ನೋಡ್ಕೊಂಡು ಹೋಗ್ಲಿ."

ಅತ್ತೆ ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸಿದರು. "ಬಸ್ಸು ನಿಲ್ಲಲಿಲ್ಲ ಅಂತ ಮದ್ವೆ ಮಾಡ್ತಾರೇನ್ಲಾ? ಹಂಗಾದ್ರೆ ಲಾರಿ ಕೆಟ್ಟು ನಿಂತ್ರೆ ಸೀಮಂತ ಮಾಡ್ತೀಯ?"

ಭಾವ ನಗಲಿಲ್ಲ. ಅವರು ಕೆಟ್ಟವರೇನಲ್ಲ, ಮಕ್ಕಳೇ. ಅವರಿಗೆ ಹೆಣ್ಣುಮಗು ಎಂದರೆ ಬೇಗ ಒಂದು ದಡ ಸೇರಿಸಬೇಕಾದ ಭಾರ. ನಾನು ಒಳಗೆ ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡೆ. ನನ್ನನ್ನೂ ಹೀಗೇ ದಡ ಸೇರಿಸಿದ್ದರು. ಇವಳನ್ನು ಹಾಗೆ ಸೇರಿಸಲು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಆಗ ನಮ್ಮ ಶಾಸಕರು ವಿರೋಧ ಪಕ್ಷದವರು. ಊರಿನಲ್ಲಿ ಆಳುವ ಪಕ್ಷದ ಕಡೆಯವರು ಹೋಟೆಲಿನಲ್ಲಿ ಕೂತು, "ಇಲ್ಲ ಇಲ್ಲ ಅನ್ನೋನ್ನ ಆರಿಸಿ ಕಳಿಸಿದ್ರಿ, ಈಗ ಬಸ್ಸೂ ಇಲ್ಲ" ಎಂದು ಆಡಿಕೊಳ್ಳುತ್ತಿದ್ದರು. ಅತ್ತೆ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಊರ ಕೆಲವು ಹೆಂಗಸರನ್ನು ಕಟ್ಟಿಕೊಂಡು ಶಾಸಕರ ಮನೆಗೇ ಹೋದರು. "ಸ್ವಾಮಿ, ನಮ್ಮೂರಿಗೆ ಬಸ್ಸು ನಿಂತೋಗೈತೆ" ಎಂದು ಹೇಳಿ ಬಂದರು. ಅವರು ಮರ್ಯಾದಸ್ಥರು, ಕಾಫಿ ಕೊಟ್ಟು, ವಿಧಾನಸಭೆಯಲ್ಲಿ ಪ್ರಶ್ನೆ ಕೇಳುತ್ತೇನೆ ಎಂದರಂತೆ. ಕೇಳಿಯೂ ಕೇಳಿದರು.

ಕೆಲವು ವಾರ ಕಳೆದ ಮೇಲೆ ಭಾವ ಒಂದು ಹಾಳೆ ಹಿಡಿದು ಬಂದರು. "ಬಂತು ನೋಡವ್ವ ಬೆಂಗಳೂರಿಂದ" ಎಂದು ನಿಮ್ಮ ಅಮ್ಮನ ಕೈಗೆ ಕೊಟ್ಟು ಓದಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. 'ಸದರಿ ಗ್ರಾಮಕ್ಕೆ ಬಸ್ಸು ನಿಂತುಹೋಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದು ಶಾಸಕರ ಪ್ರಶ್ನೆ. 'ಇಲ್ಲ. ಸದರಿ ಮಾರ್ಗದಲ್ಲಿ ಬಸ್ಸು ನಿಂತಿರುವುದಿಲ್ಲ' ಎಂದು ಮಂತ್ರಿಗಳ ಉತ್ತರ. 'ಬಂದಿದ್ದಲ್ಲಿ, ಪುನಃ ಯಾವಾಗ ಪ್ರಾರಂಭಿಸಲಾಗುವುದು?' ಎಂದು ಎರಡನೆಯ ಪ್ರಶ್ನೆ. ಅದಕ್ಕೆ ಒಂದೇ ಮಾತಿನ ಉತ್ತರ: 'ಉದ್ಭವಿಸುವುದಿಲ್ಲ.'

ಅತ್ತೆ ಮೊದಲ ಉತ್ತರ ಕೇಳಿ, "ಅದನ್ನೇ ಕಣೇ ನಾವೂ ಹೇಳಿದ್ದು, ಬಸ್ಸು ನಿಲ್ಲಲ್ಲ ಅಂತ. ಮಂತ್ರೀನೂ ಒಪ್ಕೊಂಡವ್ರಲ್ಲ" ಎಂದರು. ಎರಡನೆಯದನ್ನು ಕೇಳಿದ ತಕ್ಷಣ ಕೈಮುಗಿದರು. "ಯಾವ ದೇವ್ರು ಉದ್ಭವ ಆಗಲ್ವಂತೆ?"

ನಿಮ್ಮ ಅಮ್ಮ ನಗುತ್ತಾ ನಗುತ್ತಾ ಅತ್ತಳು. "ದೇವ್ರಲ್ಲ ಅಜ್ಜಿ. ಬಸ್ಸು ಓಡ್ತಾ ಐತೆ, ಅದಕ್ಕೆ ಆ ಪ್ರಶ್ನೆನೇ ಏಳಲ್ಲ ಅಂತ ಬರ್ದವ್ರೆ."

ಅತ್ತೆಯನ್ನು ನೋಡಿ ನೀವು ನಗಬೇಡಿ. ಉದ್ಭವ ಎಂಬ ಮಾತು ನಮಗೆ ಗೊತ್ತಿದ್ದದ್ದು ಒಂದೇ ಅರ್ಥದಲ್ಲಿ. ನಮ್ಮೂರ ಗುಡಿಯ ಬಸವಣ್ಣ ಉದ್ಭವಮೂರ್ತಿ. ಹಿಂದೆ ಯಾರೋ ರಾಗಿ ಹೊಲ ಉಳುವಾಗ ನೇಗಿಲು ಸಿಕ್ಕಿಕೊಂಡು ಎತ್ತು ಮುಂದೆ ಹೋಗಲಿಲ್ಲವಂತೆ. ಅಗೆದು ನೋಡಿದರೆ ಕಲ್ಲಿನ ಬಸವ. ನೀವೂ ನೋಡಿದ್ದೀರಿ, ಒಂದು ಕೊಂಬಿನ ಮೇಲೆ ಇನ್ನೂ ನೇಗಿಲಿನ ಗೀರು ಇದೆ. ಅವತ್ತು ರೊಟ್ಟಿ ತಟ್ಟುತ್ತಾ ಆ ಗೀರಿನ ಬಗ್ಗೆಯೇ ಯೋಚಿಸುತ್ತಿದ್ದೆ. ರೊಟ್ಟಿ ಸೀದುಹೋಯಿತು.

ಸುಗ್ಗಿ ಮುಗಿದ ಮೇಲೆ ಶಾಸಕರು ಊರಿಗೆ ಬಂದರು. ಬಸವಣ್ಣನ ಗುಡಿ ಮುಂದಿನ ಅರಳಿಕಟ್ಟೆಯಲ್ಲಿ ಕುರ್ಚಿ ಹಾಕಿದ್ದರು. ಗಂಡಸರು ಮುಂದೆ ನೆಲದ ಮೇಲೆ, ನಾವು ಹೆಂಗಸರು ಗುಡಿ ಗೋಡೆಗೆ ಆನಿಕೊಂಡು ಹಿಂದೆ. ಸಾರಿಗೆಯ ವಿಷಯದಲ್ಲಿ ತಾವು ಏನೇನು ಮಾಡಿದ್ದೇವೆಂದು ಅವರು ವಿವರವಾಗಿ ಹೇಳಿದರು. ನಮ್ಮೂರಿನ ಪ್ರಶ್ನೆ ಕೇಳಿದ್ದು, ಪಕ್ಕದ ಊರುಗಳ ಪ್ರಶ್ನೆ ಕೇಳಿದ್ದು, ವಾಹನ ತೆರಿಗೆಯ ಮಸೂದೆ ಬಂದಾಗ ಉಗ್ರವಾಗಿ ವಿರೋಧಿಸಿದ್ದು. "ಆ ಮಸೂದೆ ಪಾಸಾಗುವಾಗ ನಾವು ಪಾಪದಲ್ಲಿ ಪಾಲುದಾರರಾಗಬಾರದು ಅಂತ ಸಭಾತ್ಯಾಗ ಮಾಡಿ ಹೊರಗೆ ಬಂದ್ವಿ" ಎಂದರು. ಗಂಡಸರು ಚಪ್ಪಾಳೆ ತಟ್ಟಿದರು.

ಅತ್ತೆ ನನ್ನ ಪಕ್ಕದಿಂದಲೇ ಕೇಳಿದರು: "ಹೊರಗೆ ಬಂದ್ರೆ ನಿಮ್ಮ ಓಟು ಎಲ್ಲೋಯ್ತು ಸ್ವಾಮಿ?"

"ಓಟು ಹಾಕ್ಲಿಲ್ಲ ತಾಯಿ. ಅದೇ ನಮ್ಮ ಪ್ರತಿಭಟನೆ."

"ಅಂದ್ರೆ ಅಲ್ಲಿ ಹೌದು ಅನ್ನೋರು ಹೌದು ಅಂದ್ರು. ಇಲ್ಲ ಅನ್ನೋಕೆ ಅಂತ ನಾವು ನಿಮ್ಮನ್ನ ಕಳಿಸಿದ್ರೆ, ಇಲ್ಲ ಅನ್ನೋ ಹೊತ್ಗೆ ನೀವೇ ಅಲ್ಲಿಲ್ಲ."

ಗಂಡಸರಲ್ಲಿ ಯಾರೋ ಕಿಸಕ್ಕೆಂದರು. ಶಾಸಕರೂ ಸ್ವಲ್ಪ ನಕ್ಕು, ಬಸ್ಸಿನ ಮಾತಿಗೆ ಬಂದರು. ಪ್ರಶ್ನೆ ಕೇಳಿದ್ದಾಯಿತು, ಉತ್ತರವೂ ಬಂದಾಯಿತು, ಉದ್ಭವಿಸುವುದಿಲ್ಲ ಎಂದ ಮೇಲೆ ವಿರೋಧ ಪಕ್ಷದವನು ಇನ್ನೇನು ಮಾಡಲಿ ಎಂದರು. ಆಳುವ ಪಕ್ಷ ಬದಲಾಗುವವರೆಗೂ ತಾಳ್ಮೆ ಬೇಕು ಎಂದರು. ಭಾವ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ಆ ತಲೆ ಆಡುವುದನ್ನು ನೋಡಿದೆ. ಉಗಾದಿ ದೂರವಿರಲಿಲ್ಲ.

ನಾನು ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. ಅತ್ತೆ ನನ್ನ ಸೀರೆ ಎಳೆದು ಕೂರಿಸುತ್ತಾರೇನೋ ಅಂದುಕೊಂಡೆ. ಅವರು ನನ್ನ ಬೆನ್ನಿಗೆ ಕೈ ಒತ್ತಿದರು.

"ಸ್ವಾಮಿ, ಈ ಬಸವಣ್ಣ ಉದ್ಭವ" ಎಂದೆ.

"ಗೊತ್ತಮ್ಮ, ಕೈಮುಗಿದೇ ಬಂದೆ."

"ಅವನೂ ತಾನಾಗಿ ಎದ್ದು ಬರಲಿಲ್ಲ. ನೇಗಿಲು ತಾಗಿದ್ದಕ್ಕೆ, ಅಗೆದಿದ್ದಕ್ಕೆ ಬಂದ. ನೀವು ಒಂದು ಸಲ ಗೀರಿ ವಾಪಸ್ ಬಂದ್ರೆ ಯಾವುದು ಉದ್ಭವ ಆಗುತ್ತೆ? ಬಸ್ಸು ನಿಂತಿಲ್ಲ ಅಂತ ಅವರು ಬರೆದ್ರು. ನಿಂತಿಲ್ಲ ಅನ್ನೋದೇ ನಮ್ಮ ಗೋಳು. ಓಡ್ತದಾ ಅಂತ ಕೇಳಬೇಡಿ, ನಮ್ಮ ಗೇಟಲ್ಲಿ ನಿಲ್ತದಾ ಅಂತ ಕೇಳಿ. ಅವರು ಉತ್ತರ ಹೇಳೋವರೆಗೂ ಹೊರಗೆ ಬರಬೇಡಿ."

ಚಪ್ಪಾಳೆ ಬೀಳಲಿಲ್ಲ. ಯಾರೋ ಮುಂದಿನಿಂದ, "ಇವಳಿಗೂ ನಾಲಿಗೆ ಐತೆ ಅಂತ ಇವತ್ತೇ ಗೊತ್ತಾಗಿದ್ದು ಕಣ್ಲಾ" ಎಂದ. ಭಾವ ತಿರುಗಿ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕೆಂದು ಕುತ್ತಿಗೆ ಹೇಳುತ್ತಿತ್ತು, ನಾನು ಕೇಳಲಿಲ್ಲ. ಶಾಸಕರು ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡರು.

ಮನೆಗೆ ಬಂದ ಮೇಲೆ ಭಾವ ಅತ್ತೆಗೆ, "ಮನೆ ಮಾನ ಕಟ್ಟೆ ಮೇಲೆ ಹರಾಜಾಯ್ತು" ಎಂದರು. ಅತ್ತೆ, "ಹರಾಜಲ್ಲಿ ಕೂಗಿದ್ದು ನೀನಲ್ವಲ್ಲ, ಸುಮ್ನಿರು" ಎಂದರು.

ಮುಂದಿನ ಅಧಿವೇಶನದಲ್ಲಿ ಶಾಸಕರು ಮತ್ತೆ ಕೇಳಿದರು. ಈ ಸಲ 'ನಿಲುಗಡೆ' ಎಂಬ ಮಾತು ಹಾಕಿ ಕೇಳಿದರು. ಮಂತ್ರಿಗಳು ಪರಿಶೀಲಿಸುತ್ತೇವೆ ಎಂದಾಗ, ಯಾವಾಗ ಎಂದು ಕೇಳಿದರು. ಅವರ ಪಕ್ಷದವರು ಬೇರೇನೋ ಕಾರಣಕ್ಕೆ ಎದ್ದು ಹೊರಟಾಗ ಇವರೊಬ್ಬರೇ ಸೀಟಿನಲ್ಲಿ ಕೂತಿದ್ದರಂತೆ. ಅದೇ ಅಧಿವೇಶನದಲ್ಲಿ ಸಾರಿಗೆಯ ಇನ್ನೊಂದು ಮಸೂದೆ ಬಂದಾಗ, ಬರೀ ಹೌದು, ಇಲ್ಲ ಎಂದು ಕೂಗಿದರೆ ಸಾಲದು, ತಲೆ ಎಣಿಸಿ ಎಂದು ಹಟ ಹಿಡಿದು, ಎದ್ದು ನಿಂತು ಇಲ್ಲ ಎಂದರಂತೆ. ಸೋತರು. ಆದರೆ ಒಳಗಿದ್ದು ಸೋತರು. ಅವರ ಹೆಸರು ಇಲ್ಲ ಎಂದವರ ಕಡೆ ದಾಖಲಾಯಿತು. ಅದಕ್ಕಾಗಿ ನಾನು ಇವತ್ತಿಗೂ ಅವರನ್ನು ಗೌರವಿಸುತ್ತೇನೆ.

ಪೇಪರಿನಲ್ಲಿ ಬೇರೆಯದೇ ಬಂತು. 'ಕೆದಕದೆ ದೇವರೂ ಉದ್ಭವಿಸುವುದಿಲ್ಲ: ಶಾಸಕರ ಚಟಾಕಿ, ಸದನದಲ್ಲಿ ನಗು.' ನಿಮ್ಮ ಅಮ್ಮ ಓದಿ ನನ್ನ ಮುಖ ನೋಡಿದಳು. ಆ ಮಾತು ಎಲ್ಲಿಂದ ಬಂತೆಂದು ಅವರು ಹೇಳಲಿಲ್ಲ. ಆ ಮೇಲೆ ಎಷ್ಟೋ ಸಭೆಗಳಲ್ಲಿ ಅದನ್ನು ಹೇಳಿ ಚಪ್ಪಾಳೆ ತೆಗೆದುಕೊಂಡರು. ತೆಗೆದುಕೊಳ್ಳಲಿ. ಆದರೆ ಮಕ್ಕಳೇ, ಆ ಮಾತು ನನ್ನದು. ರೊಟ್ಟಿ ಸೀದದ್ದೂ ನನ್ನದೇ.

ಕೊನೆಗೆ ಮಂತ್ರಿಗಳು ಒಪ್ಪಿ, ಉಗಾದಿಗೆ ಮೊದಲೇ ಗೇಟಿನಲ್ಲಿ ಬಸ್ಸು ನಿಲ್ಲಿಸಬೇಕೆಂದು ಡಿಪೊಗೆ ಆದೇಶ ಬಂತು. ಮರುದಿನ ನಾನು, ಅತ್ತೆ ಇಬ್ಬರೂ ನಿಮ್ಮ ಅಮ್ಮನ ಜೊತೆ ಗೇಟಿಗೆ ಹೋದೆವು. ಬಸ್ಸು ಬಂತು. ದೂರದಿಂದಲೇ ಗೊತ್ತಾಯಿತು, ಅದು ನಿಲ್ಲುವ ವೇಗವಲ್ಲ. ಅತ್ತೆ ಟಾರು ರಸ್ತೆಯ ನಡುವೆ ಹೋಗಿ ಕೋಲೂರಿ ನಿಂತರು. ನಾನು ಅವರ ಪಕ್ಕದಲ್ಲಿ ನಿಂತೆ. ಬಸ್ಸು ಕಿರುಚಿಕೊಂಡು ನಮ್ಮ ಮುಂದೆ ನಿಂತಿತು. ಅದರ ಮೂತಿಯ ಬಿಸಿ ಮುಖಕ್ಕೆ ತಾಕಿತು.

ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, "ಏನಜ್ಜಿ, ಸಾಯೋಕೆ ನಮ್ಮ ಬಸ್ಸೇ ಬೇಕಾ?" ಎಂದ.

"ಸಾಯೋಕಲ್ಲ ಕಣಪ್ಪ, ಹತ್ತೋಕೆ" ಎಂದರು ಅತ್ತೆ. "ನಾಳೆನೂ ಇಲ್ಲೇ ನಿಂತಿರ್ತೀವಿ. ನಿಮ್ಮ ಮಂತ್ರಿ ಒಪ್ಕೊಂಡವ್ರೆ, ಹೋಗಿ ಕೇಳು."

ನಿಮ್ಮ ಅಮ್ಮ ಹತ್ತಿದಳು. ಪುಸ್ತಕ ಎದೆಗೆ ಒತ್ತಿಕೊಂಡು ಬಾಗಿಲ ಕಂಬಿ ಹಿಡಿದು ನಮ್ಮನ್ನೇ ನೋಡುತ್ತಾ ಹೋದಳು. ಮರುದಿನವೂ ನಿಂತೆವು, ಅದರ ಮರುದಿನವೂ ನಿಂತೆವು. ಆಮೇಲೆ ನಾವು ರಸ್ತೆಯ ಪಕ್ಕದಲ್ಲಿದ್ದರೂ ಅದು ನಿಲ್ಲತೊಡಗಿತು.

ಆ ಮೊದಲ ದಿನ ಮನೆಗೆ ಬಂದಾಗ ಭಾವ ಜಗಲಿಯಲ್ಲಿ ಕೂತಿದ್ದರು. ಅತ್ತೆ ದಾರಿಯಲ್ಲಿ ಯಾರದೋ ಜೊತೆ ಮಾತಿಗೆ ನಿಂತು ಹಿಂದೆ ಉಳಿದಿದ್ದರು. ನಾನು ಹಿತ್ತಲ ಕಡೆ ಸುತ್ತಿ ಹೋಗದೆ ಮುಂಬಾಗಿಲಿಗೇ ಬಂದೆ. ಭಾವ ಅತ್ತೆಗಾಗಿ ನನ್ನ ಹಿಂದೆ ಇಣುಕಿದರು. ಅತ್ತೆ ಇರಲಿಲ್ಲ. ಕೊನೆಗೆ ಕಂಬದ ಕಡೆ ನೋಡುತ್ತಾ, ಕಂಬವನ್ನೇ ಕೇಳುವವರ ಹಾಗೆ ಕೇಳಿದರು: "ಬಸ್ಸು ನಿಲ್ತಾ?"

"ನಿಲ್ತು ಭಾವ" ಎಂದೆ. "ಗಂಡಸಿಯವರಿಗೆ ಬರೋದು ಬೇಡ ಅಂತ ಹೇಳಿ ಕಳಿಸಿಬಿಡಿ."