ಮೂಲೆ ಹಾರಿದ ತಗಡು

ಚಾಚಿಯ ಎಡಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಉಗುರು ಅಗಲವಾಗಿ, ಚಪ್ಪಟೆಯಾಗಿ, ಸವೆದ ನಾಣ್ಯದ ಹಾಗಿತ್ತು. ಬಟ್ಟೆಯ ಮೇಲೆ ತಗಡಿಟ್ಟು, ಅದು ಕೂದಲೆಳೆಯಷ್ಟೂ ಜಾರದಂತೆ ಆ ಬೆರಳಿನಿಂದ ಒತ್ತಿಹಿಡಿದು, ಬಲಗೈಯಲ್ಲಿ ಕತ್ತರಿ ಆಡಿಸಿ ಆಡಿಸಿ ಅದಕ್ಕೆ ಆ ಆಕಾರ ಬಂದಿತ್ತು. ಚಹಾದ ಬಸಿ ಹಿಡಿದು ಸುಮ್ಮನೆ ಕೂತಾಗಲೂ ಆ ಬೆರಳು ಏನನ್ನೋ ಒತ್ತಿಕೊಂಡೇ ಇರುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ನರ್ಸ್ ಆಗಿ ರಾಮದುರ್ಗಕ್ಕೆ ಬಂದಾಗ ಅವರ ಮನೆಗೆ ಹತ್ತಿದ ಖೋಲಿಯನ್ನು ಬಾಡಿಗೆಗೆ ಹಿಡಿದೆ. ಚಾಚಾ ಅಂಗಳದಲ್ಲಿ ಕೂತು ತಗಡಿನ ಡಬ್ಬಿ, ಚಿಮಣಿ ದೀಪ ಮಾಡುತ್ತಿದ್ದರು. ಚಾಚಿ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದರು. ಗಲ್ಲಿಯವರೆಲ್ಲ ಚಾಚಾ, ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸುತ್ತಿಗೆಯ ಸದ್ದು ಒಂದು ಕಡೆ, ಕತ್ತರಿಯ ಸದ್ದು ಒಂದು ಕಡೆ, ಇಬ್ಬರ ನಡುವೆ ಮಾತೇ ಇಲ್ಲ. ಮೊದಮೊದಲು ಆ ಮನೆಗೆ ಹೋಗಲಿಕ್ಕೆ ನನಗೆ ಬೇಸರವಾಗುತ್ತಿತ್ತು. ಮಣ್ಣು ಮಾಡಿ ಈಗಷ್ಟೇ ತಿರುಗಿ ಬಂದವರ ಮನೆಯ ಹಾಗಿತ್ತು ಅದು.

ನಮ್ಮ ಕಡೆ ಕೌದಿ ಹೊಲಿಯದ ಹೆಂಗಸರಿಲ್ಲ. ಹಳೇ ಸೀರೆ, ಹಳೇ ಧೋತರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೇಗೆ ಬಂತೋ ಹಾಗೆ ಇಟ್ಟು ಹೊಲಿಗೆ ಓಡಿಸಿದರೆ ಮುಗಿಯಿತು. ಚಾಚಿಯದು ಹಾಗಲ್ಲ. ಎರಡು ಬಣ್ಣದ ಮುಕ್ಕೋನದ ತುಂಡುಗಳನ್ನು ಬೇಕೆಂದೇ ತುಸು ದೊಡ್ಡದಾಗಿ ಕತ್ತರಿಸಿ, ಕೂಡಿಸಿ ಹೊಲಿದು, ತಂಬಿಗೆಯ ತಳದಿಂದ ತಿಕ್ಕಿ ಹೊಲಿಗೆಯನ್ನು ಕೂರಿಸುತ್ತಿದ್ದರು. ಆಮೇಲೆ ಅದರ ಮೇಲೆ ಅಂಗೈ ಅಗಲದ ಚೌಕ ತಗಡು. ತಗಡಿನ ಎದುರುಬದುರು ಮೂಲೆಗಳೆರಡೂ ಹೊಲಿಗೆಯ ಗೆರೆಯ ಮೇಲೇ ಕೂರಬೇಕು. ಕೂತ ಮೇಲೆ ನಾಲ್ಕೂ ಕಡೆ ಹೊರಗುಳಿದ ಬಟ್ಟೆಯನ್ನು ಸವರಿ ತೆಗೆಯುತ್ತಿದ್ದರು. "ಹೊಲಿಯಾಕ ಯಾರಿಗರೆ ಬರತೈತಿ. ಹೆಚ್ಚಿಗಿದ್ದದ್ದನ್ನ ತಗಿಯಾಕ ಬರಬೇಕು," ಎನ್ನುತ್ತಿದ್ದರು.

ನಾನೂ ಕಲಿಯಲು ಹೋಗಿ ತಗಡು ಜಾರಿಸಿ ಒಳ್ಳೆಯ ತುಂಡುಗಳನ್ನು ಹಾಳು ಮಾಡಿದೆ. "ನಿಮ್ಮ ಕೈ ಸೂಜಿ ಚುಚ್ಚಾಕಷ್ಟ ಲಾಯಕ್ರಿ ನರ್ಸಬಾಯಿ," ಎಂದರು, ನಗಲಿಲ್ಲ. ತಗಡು ಬದಿಗಿಟ್ಟು, ಕತ್ತರಿಸಿದ ತುಂಡಿನ ಅಳತೆಯಿಂದಲೇ ಇನ್ನೊಂದು ತುಂಡು ಕತ್ತರಿಸಲು ನೋಡಿದಾಗ ಮಾತ್ರ ಕೈಯಿಂದ ಕತ್ತರಿ ಕಸಿದುಕೊಂಡರು. "ಬಟ್ಟಿ ಮ್ಯಾಲ ಬಟ್ಟಿ ಇಟ್ಟ ಕತ್ತರಿಸಿದ್ರ ಒಂದೊಂದಕ್ಕ ಒಂದೊಂದ ನೂಲ ಬೆಳೀತೈತಿ. ಕಡೀದು ಮೊದಲನೇದರ ಬಳಗಾನೂ ಅಲ್ಲ."

ಆ ತಗಡಿನ ಒಂದು ಮೂಲೆ ಹಾರಿತ್ತು. ಚಾಚಾ ಅದನ್ನು ಕೊಯ್ಯುವಾಗ ಕೈ ತಪ್ಪಿತ್ತಂತೆ. ಹಾಗಾಗಿ ಚಾಚಿ ಕತ್ತರಿಸಿದ ಪ್ರತಿ ಚೌಕಕ್ಕೂ ಒಂದು ಮೂಲೆ ಮೊಂಡು. ಬೇರೆಯವರಾಗಿದ್ದರೆ ಹೊಸ ತಗಡು ಮಾಡಿಸುತ್ತಿದ್ದರು. ಇವರು ನಾಲ್ಕು ಮೊಂಡು ಮೂಲೆಗಳನ್ನು ಒಂದೆಡೆ ಕೂಡಿಸಿ, ನಡುವೆ ಉಳಿದ ಕಿಂಡಿಗೆ ಗುಲಗಂಜಿಯಂಥ ಕೆಂಪು ಬಟ್ಟೆಯ ಚುಕ್ಕೆ ಹೊಲಿಯುತ್ತಿದ್ದರು. ಕೊನೆಯ ಅಂಚು ಮುಚ್ಚುವ ಮೊದಲು ಮೂಲೆಯೊಳಗೆ ನಾಲ್ಕು ಕಾಳು ಜೋಳ ಹಾಕುತ್ತಿದ್ದರು. "ಕೌದಿ ಹಸಗೊಂಡಿರಬಾರದು. ಅದರ ಹೊಟ್ಟಿ ತುಂಬಿದ್ರ ಹೊತಗೊಂಡವರಿಗೂ ಬೆಚ್ಚಗ."

ನಾನು ಅಭ್ಯಾಸ ಮಾಡಿಕೊಳ್ಳಲು ಇನ್ನೊಂದು ತಗಡು ಇದೆಯೇ ಎಂದು ಒಮ್ಮೆ ಕೇಳಿದೆ. ಅಂಗಳದಲ್ಲಿ ಸುತ್ತಿಗೆ ನಿಂತಿತು. ಚಾಚಿ ತಲೆ ತಗ್ಗಿಸಿ ದಾರ ಪೋಣಿಸತೊಡಗಿದರು. ಶುಕ್ರವಾರ ಚಾಚಾ ಮಸೀದಿಗೆ ಹೋದ ಮೇಲೆ ನನ್ನನ್ನು ಕರೆದು ಹೇಳಿದರು.

ಅವರಿಗೆ ಒಬ್ಬಳೇ ಮಗಳು. ನಾನು ಬರುವ ಎರಡು ವರ್ಷ ಮೊದಲು ಒಬ್ಬ ಲಾರಿ ಡ್ರೈವರನ ಜೊತೆ ಹೋಗಿಬಿಟ್ಟಿದ್ದಳು. ಅವಳ ಹೆಸರು ಈ ಮನೆಯಲ್ಲಿ ಎತ್ತಕೂಡದೆಂದು ಚಾಚಾ ಕಟ್ಟಪ್ಪಣೆ ಮಾಡಿದ್ದರು.

"ಚಾಚಾ ಎರಡ ತಗಡ ಒಂದರ ಮ್ಯಾಲೊಂದ ಇಟ್ಟ ಕೊಯ್ದಿದ್ರು. ನನಗೊಂದ, ಆಕಿಗೊಂದ. ಎರಡರದೂ ಮೂಲಿ ಕೂಡೇ ಹಾರಿತ್ತು. ಆಕಿ ಹೋಗೂ ಮುಂದ ಬಂಗಾರ ಮುಟ್ಟಲಿಲ್ಲ, ಸೀರಿ ಒಯ್ಯಲಿಲ್ಲ. ತಗಡ ಒಯ್ದಾಳ. ತಗಡ ಒಯ್ದಾಳಂದ್ರ ಹೊಲೀತಾಳ. ಹೊಲೀತಾಳಂದ್ರ ಬದಕ್ಯಾಳ."

ಪೋಲಿಯೋ ಹನಿ ಹಾಕಲು ನಾವು ಮನೆ ಮನೆ ತಿರುಗಲು ಶುರು ಮಾಡಿದ ಕಾಲ ಅದು. ಚಾಚಿ ನನ್ನ ಮೊಣಕೈ ಹಿಡಿದುಕೊಂಡರು. "ನೀವು ಊರೂರು ಹೋಗತೀರಿ. ಕೂಸಿನ ಬಾಯಾಗ ಹನಿ ಬಿಡೂ ಮುಂದ ಅದರ ಕೌದಿ ಒಂದೀಟ ನೋಡ್ರಿ. ಕೆಂಪ ಗುಲಗಂಜಿ ಕಂಡ್ರ ನನಗ ಹೇಳ್ರಿ. ಚಾಚಾನ ಮುಂದ ಬ್ಯಾಡ."

ನೋಡಿದೆ. ಕಟಕೋಳದಲ್ಲಿ ನೋಡಿದೆ, ತೊರಗಲ್ಲಿನ ಕೋಟೆಯ ಬುಡದ ಓಣಿಗಳಲ್ಲಿ ನೋಡಿದೆ. ನೂರಾರು ಕೌದಿ. ಉಚ್ಚೆ ವಾಸನೆಯವು, ಹೊಗೆ ವಾಸನೆಯವು, ಹರಿದು ಒಳಗಿನ ಚಿಂದಿ ಹೊರಬಂದವು. ಗುಲಗಂಜಿ ಕಾಣಲಿಲ್ಲ. ಸಂಜೆ ಮರಳಿದರೆ ಚಾಚಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನು ಇಲ್ಲವೆಂದು ತಲೆ ಆಡಿಸುತ್ತಿದ್ದೆ. "ನೀರ ಕುಡಿಯವಾ," ಎನ್ನುತ್ತಿದ್ದರು. ಅಷ್ಟರಲ್ಲಿ ನಾನು ಅವರಿಗೆ 'ನೀವು' ಹೋಗಿ 'ನೀನು' ಆಗಿದ್ದೆ. ಆ ತಂಬಿಗೆ ತೆಗೆದುಕೊಳ್ಳುವುದು ನನಗೆ ವರ್ಷದಿಂದ ವರ್ಷಕ್ಕೆ ಭಾರವಾಗುತ್ತ ಹೋಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ನನ್ನನ್ನು ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಹನಿ ಹಾಕಲು ಹಚ್ಚಿದ್ದರು. ಬೈಲಹೊಂಗಲದ ಬಸ್ಸಿನಿಂದ ಒಬ್ಬ ಹೆಂಗಸು ಕೂಸು ಎತ್ತಿಕೊಂಡು ಇಳಿದಳು. ಕೂಸಿನ ಮೇಲೆ ಕೌದಿ. ಕೌದಿಯ ಮೇಲೆ ಕೆಂಪು ಚುಕ್ಕೆ. ಹನಿ ತಪ್ಪಿ ಕೂಸಿನ ಗಲ್ಲದ ಮೇಲೆ ಬಿತ್ತು.

ಅವಳು ಚಾಚಿಯ ಮಗಳಲ್ಲ. "ಕಿತ್ತೂರಾಗ ನಮ್ಮ ಬಾಜೂಕ ಒಬ್ಬಾಕಿ ಇದ್ದಳ್ರಿ. ಆಕಿ ಹೊಲಿದ ಕೊಟ್ಟಳು. ಗಂಡ ಮನಿಗೆ ಬರೂದ ಬಿಟ್ಟಿದ್ದ. ಆಮ್ಯಾಲ ಆಕೀನೂ ಎಲ್ಲಿ ಹೋದಳೋ ಏನೋ," ಎಂದಳು. ಕಿತ್ತೂರಿನ ಆ ಓಣಿಯ ಗುರುತು ಕೇಳಿಕೊಂಡೆ. ಅವಳ ಮುಂದಿನ ಬಸ್ಸು ಬರುವ ತನಕ ನಾನು ಆ ಕೌದಿಯನ್ನು ಬಿಡಲಿಲ್ಲ. ಮೊದಲ ಸಾಲುಗಳು ಥೇಟ್ ಚಾಚಿಯ ಕೈಯವು. ಕೆಳಗೆ ಬಂದಂತೆ ಚೌಕಗಳು ಹಿಗ್ಗಿದ್ದವು, ಮೂಲೆಗೆ ಮೂಲೆ ಕೂಡಿರಲಿಲ್ಲ. ಅಂಚಿನ ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಹಿಸುಕಿ ನೋಡಿದೆ.

ಚಾಚಾ ಮನೆಯಲ್ಲಿಲ್ಲ ಅಂದುಕೊಂಡು ಎಲ್ಲವನ್ನೂ ಚಾಚಿಗೆ ಹೇಳಿದೆ. ಅವರು ಅಳಲಿಲ್ಲ.

"ಕಡೀ ಸಾಲ ಹಿಗ್ಗಿದ್ದವು ಅಂದಿಯಲ್ಲ, ತಗಡ ಕಳದೈತಿ. ಬಟ್ಟಿ ಮ್ಯಾಲ ಬಟ್ಟಿ ಇಟ್ಟ ಕತ್ತರಿಸ್ಯಾಳ." ಆಮೇಲೆ ಕೇಳಿದರು, "ಕಾಳ ಇದ್ದವೇನು?"

ಇರಲಿಲ್ಲ ಎಂದೆ.

"ತನ್ನ ಹೊಟ್ಟಿಗೆ ಇರಲಾರದ್ದು ಕೌದಿ ಹೊಟ್ಟಿಗೆ ಎಲ್ಲಿಂದ ಹಾಕ್ಯಾಳು," ಎಂದರು ಚಾಚಿ.

ಬಾಗಿಲ ಆಚೆ ಕೆಮ್ಮಿದ ಸದ್ದಾಯಿತು. ಚಾಚಾ ಅಲ್ಲೇ ಇದ್ದರು.

ಮರುದಿನ ಬೆಳಿಗ್ಗೆ ಅವರು ಅಂಗಳದಲ್ಲಿ ಚಾಚಿಯ ತಗಡನ್ನು ಹೊಸ ತಗಡಿನ ಮೇಲಿಟ್ಟು ಗೀರು ಹಾಕಿ ಕೊಯ್ಯುತ್ತಿದ್ದರು. ಹಾರಿದ ಮೂಲೆಯಲ್ಲೂ ಗೀರುಗಳನ್ನು ಕೂಡುವ ತನಕ ಎಳೆದಿದ್ದರಿಂದ ನಾಲ್ಕೂ ಮೂಲೆ ನೇರವಾಗಿದ್ದ ಚೌಕ ಬಂತು. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕತ್ತರಿ ತೆಗೆದುಕೊಂಡು ಒಂದು ಮೂಲೆಯನ್ನು ತಾವಾಗಿ ಹಾರಿಸಿದರು. ನನ್ನ ಡ್ಯೂಟಿ ಚೀಲದ ಮೇಲೆ ಅದನ್ನಿಟ್ಟು ಹೊರಟುಹೋದರು.

ಆ ಭಾನುವಾರ ಚಾಚಿ ಮತ್ತು ನಾನು ಕಿತ್ತೂರಿಗೆ ಹೋದೆವು. ಮಗಳು ಇದ್ದ ಖೋಲಿಯಲ್ಲಿ ಬೇರೆಯವರು ಸಂಸಾರ ಹೂಡಿದ್ದರು. ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ. ಚಾಚಿ ಒಳಗೆ ನಿಂತು ಗೋಡೆ, ಮಾಡು ನೋಡಿದರು. "ಬೆಳಕಂಬೂದ ಇಲ್ಲ ಇಲ್ಲಿ. ಹೆಂಗ ಕುಂತ ಕತ್ತರಿಸಿದ್ಲೋ," ಎಂದರು. 

ಅಲ್ಲಿಂದ ಬಂದ ಮೇಲೆ ಚಾಚಿ ರಾತ್ರಿ ಊಟ ಬಿಟ್ಟರು. ನಾನು ನರ್ಸ್ ಎಂಬ ಅಧಿಕಾರದಿಂದ ಬೈದೆ, ರಮಿಸಿದೆ, ಗಂಜಿ ಮಾಡಿ ಒಯ್ದೆ. "ಒಳಗ ಇಳಿಯೂದಿಲ್ಲವಾ," ಎನ್ನುತ್ತಿದ್ದರು. ಕೌದಿಗಳಿಗೆ ಕಾಳು ಹಾಕುವುದನ್ನು ಮಾತ್ರ ಬಿಡಲಿಲ್ಲ. ನಾಲ್ಕು ಹಾಕುವಲ್ಲಿ ಹಿಡಿ ತುಂಬ ಹಾಕುತ್ತಿದ್ದರು. ಮಲಗಿದವರಿಗೆ ಅದು ಚುಚ್ಚುತ್ತದೆಂದು ಜನ ಗೊಣಗಿದರು. ಮೈ ಸೊರಗುತ್ತ ಹೋಗಿ ಒಂದು ಚಳಿಗಾಲದಲ್ಲಿ ತೀರಿಕೊಂಡರು. ಮೈ ತೊಳೆದ ಹೆಂಗಸರು ಕೈಗಳನ್ನು ನೇರ ಮಾಡಿದರು, ಆ ಹೆಬ್ಬೆರಳು ಮಾತ್ರ ಮಾತು ಕೇಳಲಿಲ್ಲ.

ತಾಯಿಯಿಲ್ಲದೆ ಬೆಳೆದವಳು ನಾನು. ಸಂಜೆ ನನ್ನ ದಾರಿ ಕಾದವರು ಅವರೊಬ್ಬರೇ. ಆ ಕಾಯುವಿಕೆ ನನಗಾಗಿ ಅಲ್ಲವೆಂದು ಗೊತ್ತಿದ್ದೂ ನಾನು ಅದನ್ನು ಉಂಡು ಬದುಕಿದೆ. ಅವರು ಕೇಳಿದ್ದ ಒಂದೇ ಒಂದು ಕೆಲಸ ನನ್ನಿಂದ ಮುಗಿಯಲಿಲ್ಲ.

ಮಣ್ಣಾದ ಮೂರನೆಯ ದಿನ ಚಾಚಾ ನನ್ನ ಬಾಗಿಲಿಗೆ ಬಂದರು. "ತಗಡ ಐತೇನ್ರಿ ನಿಮ್ಮ ಕಡೆ?" ಎಂದರು. ಚೀಲದಿಂದ ತೆಗೆದು ಕೊಟ್ಟೆ. ಅಂಚಿನ ಸುತ್ತ ಬೆರಳಾಡಿಸಿ ನೋಡಿದರು.

"ದಂಡಿಗೆ ಜಂಗ ಹತ್ತೈತಿ. ಹಿಂಗ ಕೊಟ್ಟರ ಆಕಿ ಬೆರಳ ಕೊಯ್ದೀತು."

ನಾನು ಅವರ ಬಾಯಲ್ಲಿ ಮಗಳ ಸುದ್ದಿ ಕೇಳಿದ್ದು ಅದೇ ಮೊದಲು. ಅಂಗಳದಲ್ಲಿ ಕೂತು ಅಂಚಿನ ತುಕ್ಕು ಉಜ್ಜಿ, ಎಣ್ಣೆ ಸವರಿ, ಸಂಜೆಗೆ ತಂದುಕೊಟ್ಟರು.

ಈಗ ಚಾಚಾನೂ ಇಲ್ಲ. ನಾನು ನಿವೃತ್ತಿಯಾಗಿ ವರ್ಷಗಳಾದವು. ಬಸ್ಸಿನಲ್ಲಿ ಯಾರ ಮಡಿಲಲ್ಲಾದರೂ ಕೂಸು ಕಂಡರೆ ಇಂದಿಗೂ ಮುಖಕ್ಕಿಂತ ಮೊದಲು ಹೊದಿಕೆ ನೋಡುತ್ತೇನೆ. ತಗಡು ನನ್ನ ಚೀಲದಲ್ಲೇ ಇದೆ. ಆಗಾಗ ತೆಗೆದು ಅಂಚಿಗೆ ಎಣ್ಣೆ ಸವರುತ್ತೇನೆ. ಅವಳ ಬೆರಳು ಕೊಯ್ಯಬಾರದು.